ಹಿಂಗಾರಿ ಬೆಳೆಗಳೂ ಉತ್ತರದ ಚಳಿಗಾಳಿಯೂ

(ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಒಕ್ಕಲಿಗರ ಉಪಯೋಗಕ್ಕಾಗಿ)

1. ಪೀಠಿಕೆ

ಸಂಕ್ರಮಣ ಮುಗಿದು ಎಂಟು ದಿನಗಳಾಗುವ ಹೊತ್ತಿಗೆ ತಿಮ್ಮಾಪುರದಂಥ ಎರೆಭೂಮಿಯ ಊರಲ್ಲಿ ಒಂದು ನೋಟವು ಆಗಾಗ್ಗೆ ಕಣ್ಣಿಗೆ ಬೀಳುವದು. ಒಂದೇ ಬದುವಿನ ಎರಡೂ ಮಗ್ಗಲಿಗೆ ಎರಡು ಹೊಲಗಳು. ಎರಡರಲ್ಲಿಯೂ ಜೋಳ ತೆನೆ ಹಾಯ್ದು ನಿಂತಿರುವದು. ದಾರಿಯ ಮೇಲೆ ನಿಂತು ನೋಡಿದವನಿಗೆ ಎರಡಕ್ಕೂ ಭೇದ ತೋರದು. ಆದರೆ ತೆನೆಯನ್ನು ಮುರಿದು ಅಂಗೈಯಲ್ಲಿ ತಿಕ್ಕಿದರೆ ಒಂದು ಹೊಲದ ತೆನೆಯಿಂದ ಹಾಲುಗಾಳು ಉದುರುವದು. ಇನ್ನೊಂದರ ತೆನೆಯಿಂದ ಬರೀ ಹೊಟ್ಟು ಹಾರುವದು. ಬೀಜ ಒಂದೇ, ಭೂಮಿ ಒಂದೇ, ಬಿದ್ದ ಮಳೆಯೂ ಒಂದೇ. ಹೀಗಿರುತ್ತ ಒಬ್ಬನ ಮನೆಗೆ ವರ್ಷದ ರೊಟ್ಟಿ ಬರುವದು, ಇನ್ನೊಬ್ಬನ ಮನೆಗೆ ಕಣಿಕೆ ಮಾತ್ರ ಬರುವದು.

ಇಂಥ ಸಂಗತಿ ಒದಗಿದಾಗ ಜನರು ಹಲವು ಬಗೆಯಾಗಿ ಆಡಿಕೊಳ್ಳುವರು. ಬೀಜ ಮಾರಿದವನು ಮೋಸ ಮಾಡಿದನೆಂದು ಕೆಲವರು, ದೃಷ್ಟಿ ತಾಕಿತೆಂದು ಕೆಲವರು, ಭೂಮಿಯ ಸತ್ವ ತೀರಿತೆಂದು ಕೆಲವರು ಹೇಳುವರು. ಈ ಕಾರಣಗಳನ್ನು ನಂಬಿ ಮರುವರ್ಷ ಬೀಜ ಬದಲಿಸಿದರೂ, ಗೊಬ್ಬರ ಹೆಚ್ಚಿಸಿದರೂ ಮತ್ತೆ ಹಾಗೆಯೇ ಆಗುವದುಂಟು. ಯಾಕಂದರೆ ಅನೇಕ ವೇಳೆ ನಿಜವಾದ ಕಾರಣವು ಹೊಲದಲ್ಲಿ ಇರುವದಿಲ್ಲ. ಅದು ನೂರಾರು ಹರದಾರಿ ದೂರದ ಉತ್ತರ ದೇಶದಿಂದ ಬರುವ ಚಳಿಗಾಳಿಯಲ್ಲಿಯೂ, ಬಿತ್ತಿಗೆಯ ದಿನದಲ್ಲಿಯೂ ಇರುತ್ತದೆ. ಆ ಚಳಿಯು ಎಲ್ಲಿಂದ ಬರುತ್ತದೆ, ಯಾವ ಬೆಳೆಗೆ ಯಾವಾಗ ಕೇಡು ಮಾಡುತ್ತದೆ, ಯಾವಾಗ ಹಿತ ಮಾಡುತ್ತದೆ, ಒಕ್ಕಲಿಗನು ಏನು ಮಾಡತಕ್ಕದ್ದು ಎಂಬ ವಿಷಯಗಳನ್ನು ಮುಂದೆ ವಿವರಿಸಿದೆ. ಉಷ್ಣತೆಯ ಲೆಕ್ಕವನ್ನೆಲ್ಲ ಸೆಂಟಿಗ್ರೇಡ್ ಅಂಶಗಳಲ್ಲಿ ಕೊಟ್ಟಿದೆ.

2. ಈ ಸೀಮೆಯ ಋತುಮಾನ

ಹಿಂದೆ ಜಮಖಂಡಿ ಹಾಗೂ ಮುಧೋಳ ಸಂಸ್ಥಾನಗಳಿಗೆ ಸೇರಿದ್ದ ಊರುಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಬಂದು, 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿ ಸೇರಿವೆ. ಆಡಳಿತ ಎಷ್ಟು ಸಾರೆ ಬದಲಾದರೂ ಹವೆಯ ಆಡಳಿತ ಮಾತ್ರ ಬದಲಾಗಲಿಲ್ಲ. ಈ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 550 ಮೀಟರು ಎತ್ತರದಲ್ಲಿ, ಪಶ್ಚಿಮ ಸಮುದ್ರದಿಂದ ಸುಮಾರು 200 ಕಿಲೋಮೀಟರು ಒಳಗೆ ಇದೆ. ನಡುವೆ ಸಹ್ಯಾದ್ರಿಯ ಸಾಲು ಅಡ್ಡವಾಗಿರುವದರಿಂದ ನೈಋತ್ಯದ ಮೋಡಗಳು ತಮ್ಮ ನೀರಿನ ಹೆಚ್ಚು ಪಾಲನ್ನು ಕರಾವಳಿಗೂ ಘಟ್ಟಕ್ಕೂ ಸುರಿದು, ಇಲ್ಲಿಗೆ ಬರುವಾಗ ಬಡವಾಗಿರುತ್ತವೆ. ಕಾರವಾರ, ಕುಮಟೆಗಳ ಕಡೆಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ ಇಲ್ಲಿ ಸುಮಾರು 500ರಿಂದ 600 ಮಿಲಿಮೀಟರು ಮಾತ್ರ.

ಈ ಅಲ್ಪ ಮಳೆಯಲ್ಲಿ ಹೆಚ್ಚಿನ ಪಾಲು ಭಾದ್ರಪದ, ಆಶ್ವೀಜಗಳಲ್ಲಿ, ಅಂದರೆ ಸಪ್ಟಂಬರ, ಅಕ್ಟೋಬರಗಳಲ್ಲಿ ಬೀಳುವದು. ಉತ್ತರಿ, ಹಸ್ತ, ಚಿತ್ತಿ ಮಳೆಗಳನ್ನು ಎರೆಭೂಮಿಯು ಕುಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆ, ಅಗಸೆ ಮೊದಲಾದ ಬೆಳೆಗಳು ಮುಂದೆ ನಾಲ್ಕು ತಿಂಗಳು ಈ ಗಂಟಿನ ಮೇಲೆಯೇ ಬದುಕುತ್ತವೆ. ಇಬ್ಬನಿಯಿಂದ ಹಿಂಗಾರಿ ಬೆಳೆ ಬರುವದೆಂದು ಹಿರಿಯರು ಹೇಳುವ ಮಾತು ಪೂರ್ತಿ ನಿಜವಲ್ಲ. ಇಬ್ಬನಿಯು ಬೆಳಗಿನ ಹೊತ್ತು ಎಲೆಗಳನ್ನು ತಂಪಾಗಿಟ್ಟು ಬಾಷ್ಪವು ಹಾರುವದನ್ನು ತುಸು ತಡೆಯುವದು. ಆದರೆ ಬೇರಿಗೆ ಬೇಕಾದ ನೀರನ್ನು ಅದು ಕೊಡಲಾರದು. ಬೇರಿನ ನೀರು ಎರೆಯ ಹೊಟ್ಟೆಯೊಳಗಿನದೇ.

ಅಕ್ಟೋಬರದ ನಡುವಿನಲ್ಲಿ ನೈಋತ್ಯದ ಗಾಳಿ ಹಿಂದೆಗೆದು ಈಶಾನ್ಯದ ಗಾಳಿ ಮೊದಲಾಗುವದು. ಬಂಗಾಲ ಉಪಸಾಗರದಲ್ಲಿ ವಾಯುಭಾರ ಕುಸಿದರೆ ನವಂಬರದಲ್ಲಿಯೂ ಒಮ್ಮೊಮ್ಮೆ ದಶಂಬರದಲ್ಲಿಯೂ ಇಲ್ಲಿ ಮೋಡ ಕವಿದು ಹನಿ ಬೀಳುವದುಂಟು. ಅದು ಸರಿದ ಮೇಲೆ ಆಕಾಶ ತಿಳಿಯಾಗಿ ಚಳಿ ಏರುವದು. ದಶಂಬರದ ನಡುವಿನಿಂದ ಜನವರಿಯ ನಡುವಿನ ವರೆಗೆ ಚಳಿಯ ಮುಖ್ಯ ಕಾಲ. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೋದ ಮನೆಮಂದಿಯು ಕಂಬಳಿ ಹೊದ್ದು ಬುತ್ತಿ ಉಣ್ಣುವದು ಇದೇ ಹೊತ್ತಿನಲ್ಲಿ. ಶಿವರಾತ್ರಿಗೆ ಚಳಿಯು ‘ಶಿವ ಶಿವ’ ಎಂದು ಹೊರಡುವದೆಂಬ ಮಾತು ಎಲ್ಲರೂ ಬಲ್ಲದ್ದು.

3. ಚಳಿಯು ಎಲ್ಲಿಂದ ಬರುವದು

ಚಳಿಗೆ ಎರಡು ಮೂಲಗಳುಂಟು. ಒಂದು, ಸ್ಥಳದಲ್ಲಿಯೇ ಹುಟ್ಟುವ ಚಳಿ. ಹಗಲು ಸೂರ್ಯನಿಂದ ಭೂಮಿ ಕಾದು, ರಾತ್ರಿ ಆ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುವದು. ಮೋಡವಿದ್ದರೆ ಅದು ಕಂಬಳಿಯಂತೆ ಕಾವನ್ನು ತಡೆದು ಹಿಂದಕ್ಕೆ ಕಳಿಸುವದು. ಆಕಾಶ ತಿಳಿಯಾಗಿದ್ದು, ಹವೆಯಲ್ಲಿ ಪಸೆ ಕಡಿಮೆಯಿದ್ದು, ಗಾಳಿ ನಿಂತಿದ್ದರೆ ಕಾವು ತಡೆಯಿಲ್ಲದೆ ಹಾರಿಹೋಗುವದು. ಆದುದರಿಂದ ಎಲ್ಲಕ್ಕೂ ಹೆಚ್ಚಿನ ಚಳಿಯು ನಡುರಾತ್ರಿಯಲ್ಲಿ ಅಲ್ಲ, ಸೂರ್ಯೋದಯದ ಹೊತ್ತಿಗೆ ಇರುತ್ತದೆ.

ಎರಡನೆಯದು, ದೂರದಿಂದ ಬರುವ ಚಳಿ. ಚಳಿಗಾಲದಲ್ಲಿ ಮಧ್ಯಧರಣಿ ಸಮುದ್ರದ ಕಡೆಯಿಂದ ವಾಯುಭಾರದ ಸುಳಿಗಳು ಒಂದರ ಹಿಂದೆ ಒಂದು ಇರಾಣ, ಅಫಗಾಣಿಸ್ತಾನಗಳನ್ನು ದಾಟಿ ಪಂಜಾಬ, ಕಾಶ್ಮೀರಗಳಿಗೆ ಬರುತ್ತವೆ. ಇವಕ್ಕೆ ಪಶ್ಚಿಮದ ಕ್ಷೋಭೆಗಳೆಂದು ಹವಾಮಾನ ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ಇವುಗಳಿಂದ ಹಿಮಾಲಯದಲ್ಲಿ ಹಿಮವೂ, ಪಂಜಾಬಿನ ಗೋದಿಗೆ ಮಳೆಯೂ ಬೀಳುವವು. ಸುಳಿಯು ಮುಂದಕ್ಕೆ ಸರಿದ ಕೂಡಲೆ ಅದರ ಬೆನ್ನ ಹಿಂದೆ ವಾಯವ್ಯದಿಂದ ಒಣಗಿದ ತಣ್ಣನೆಯ ಹವೆಯು ನುಗ್ಗುತ್ತದೆ. ಅದು ರಾಜಸ್ಥಾನ, ಗುಜರಾತ, ಖಾನದೇಶಗಳನ್ನು ದಾಟಿ, ಬಲವಾಗಿದ್ದರೆ ಸೊಲ್ಲಾಪುರ, ವಿಜಯಪುರಗಳ ಬಯಲಿಗೂ ಇಳಿದು, ಕೃಷ್ಣಾ, ಘಟಪ್ರಭಾ ತೀರಗಳಿಗೆ ತಲುಪುವದು.

ಸಮಶೀತೋಷ್ಣ ದೇಶಗಳಲ್ಲಿ ತಣ್ಣನೆಯ ಹವೆಗೂ ಬೆಚ್ಚನೆಯ ಹವೆಗೂ ನಡುವಿನ ಗಡಿಯು ಗೋಡೆಯಂತೆ ಸ್ಪಷ್ಟವಾಗಿದ್ದು, ಅದು ಬಂದಾಗ ಗುಡುಗು-ಮಳೆಯಾಗಿ ಒಮ್ಮಿಂದೊಮ್ಮೆಲೆ ಚಳಿ ಬೀಳುವದು. ಇಲ್ಲಿಗೆ ಬರುವಷ್ಟರಲ್ಲಿ ದಾರಿಯ ನೆಲದ ಕಾವಿನಿಂದ ಆ ಗಡಿಯು ಕರಗಿಹೋಗಿರುತ್ತದೆ. ಆದುದರಿಂದ ಇಲ್ಲಿ ಚಳಿಯು ಮಳೆಯನ್ನು ತರುವದಿಲ್ಲ. ಸದ್ದಿಲ್ಲದೆ ಎರಡು ಮೂರು ರಾತ್ರಿಗಳಲ್ಲಿ ಇಳಿಯುವದು. ಆಕಾಶ ತೊಳೆದಂತೆ ನೀಲಿಯಾಗುವದು, ತುಟಿ-ಹಿಮ್ಮಡಿಗಳು ಒಡೆಯುವವು. ದೂರದಿಂದ ಬಂದ ಈ ಒಣ ಹವೆಯಲ್ಲಿ ಸ್ಥಳದ ಚಳಿಯೂ ಕೂಡಿಕೊಂಡಾಗ ಉಷ್ಣತೆಯು ತೀರ ಕೆಳಗಿಳಿಯುವದು.

ಈ ಭಾಗದಲ್ಲಿ ದಶಂಬರದ ಬೆಳಗಿನ ಉಷ್ಣತೆಯು ಸಾಮಾನ್ಯವಾಗಿ 15 ಅಂಶದ ಆಸುಪಾಸಿನಲ್ಲಿ ಇರುವದು. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ನಿಯಮದಂತೆ ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣತೆಯು 10 ಅಂಶಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದು, ವಾಡಿಕೆಗಿಂತ 4.5 ಅಂಶದಷ್ಟಾದರೂ ಕಡಿಮೆಯಾದರೆ ಅದಕ್ಕೆ ಶೀತದಲೆ ಎನ್ನುವರು. ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರದಲ್ಲಿ 1918ರ ದಶಂಬರ 16ರಂದು 2.8 ಅಂಶದ ವರೆಗೆ ಇಳಿದದ್ದು ದಾಖಲಾಗಿದೆ. ಉತ್ತರದ ಗಾಳಿಗೆ ಈ ಬಯಲುಗಳು ಎಷ್ಟು ತೆರೆದಿವೆ ಎಂಬದು ಇದರಿಂದ ತಿಳಿಯುವದು.

4. ಕರಾವಳಿಯಲ್ಲಿ ಚಳಿ ಏಕೆ ಕಡಿಮೆ

ಕಾರವಾರ, ಹೊನ್ನಾವರಗಳ ಕಡೆಗೆ ದುಡಿಯಲು ಹೋಗಿ ಬಂದವರು ‘ಅಲ್ಲಿ ಪುಷ್ಯಮಾಸದಲ್ಲಿಯೂ ಕಂಬಳಿ ಬೇಡ’ ಎಂದು ಹೇಳುವದುಂಟು. ಅದು ಸರಿ. ನೀರು ನೆಲದಂತೆ ಬೇಗನೆ ಕಾಯುವದೂ ಇಲ್ಲ, ಬೇಗನೆ ಆರುವದೂ ಇಲ್ಲ. ಚಳಿಗಾಲದಲ್ಲಿಯೂ ಕರ್ನಾಟಕದ ತೀರದ ಬಳಿಯ ಅರಬೀ ಸಮುದ್ರದ ಮೇಲ್ನೀರು 27-28 ಅಂಶದಷ್ಟು ಬೆಚ್ಚಗಿರುತ್ತದೆ. ಹವೆಯಲ್ಲಿ ಪಸೆಯೂ ಹೆಚ್ಚು. ಇದಲ್ಲದೆ ಪೂರ್ವದಿಂದ ಬರುವ ಗಾಳಿಯು ಘಟ್ಟವನ್ನು ಇಳಿಯುವಾಗ ಒತ್ತಲ್ಪಟ್ಟು, ಪ್ರತಿ 100 ಮೀಟರಿಗೆ ಸುಮಾರು ಒಂದು ಅಂಶದಂತೆ ಕಾವೇರುವದು. ಹೀಗಾಗಿ ಅಲ್ಲಿಯ ಬೆಳಗಿನ ಉಷ್ಣತೆಯು ಜನವರಿಯಲ್ಲಿಯೂ ಸುಮಾರು 20 ಅಂಶದಷ್ಟು ಇರುವದು.

ಹಾಗೆಂದು ಕರಾವಳಿಗೆ ಚಳಿಗಾಳಿ ತಟ್ಟುವದೇ ಇಲ್ಲವೆನ್ನಲಾಗದು. ಉತ್ತರದ ಹವೆಯು ತುಂಬ ಬಲವಾದಾಗ ಕೊಂಕಣದ ತೀರಕ್ಕೂ ಇಳಿಯುವದು. ಮುಂಬಯಿಯ ಸಾಂತಾಕ್ರೂಜದಲ್ಲಿ 1962ರ ಜನವರಿ 22ರಂದು 7.4 ಅಂಶದ ಚಳಿ ಬಿದ್ದಿತ್ತು. ಕರಾವಳಿಯ ಊರುಗಳಲ್ಲಿ 10 ಅಂಶದ ಚಳಿ ಅಪರೂಪವಾದ್ದರಿಂದ, ಅಲ್ಲಿ 15 ಅಂಶ ಅಥವಾ ಅದಕ್ಕೂ ಕೆಳಗಿಳಿದು ವಾಡಿಕೆಗಿಂತ 4.5 ಅಂಶ ಕಡಿಮೆಯಾದರೆ ಸಾಕು, ಶೀತದಲೆಯೆಂದು ಹವಾಮಾನ ಇಲಾಖೆಯು ಎಣಿಸುವದು. ಆ ಸೀಮೆಯ ಮಾವಿಗೆ ತುಸು ಚಳಿಯೂ ಒಣಹವೆಯೂ ಬೇಕೇ ಬೇಕು. ಅವಿಲ್ಲದಿದ್ದರೆ ಗಿಡವು ಹೂ ಬಿಡದೆ ಚಿಗುರುವದು. ಹೂ ಬಿಟ್ಟ ಮೇಲೆ ಮೋಡ-ಮಂಜು ಕವಿದರೆ ಬೂದಿರೋಗವೂ ಜಿಗಿಹುಳವೂ ಹೆಚ್ಚುವವು.

ಇದರಿಂದ ತಿಳಿಯತಕ್ಕದ್ದೇನಂದರೆ, ಚಳಿಯು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಬೆಳೆಗೆ, ಅದರ ಯಾವ ವಯಸ್ಸಿನಲ್ಲಿ ಎಂದು ಕೇಳತಕ್ಕದ್ದು.

5. ಜೋಳದ ತೆನೆ ಜೊಳ್ಳಾಗುವ ಬಗೆ

ಜೋಳದ ಗಿಡವು ಉಷ್ಣದೇಶದ ಸಂತತಿಯದು. ಬೆಳೆಯುವ ಕಾಲದಲ್ಲಿ ಚಳಿ ಬಿದ್ದರೆ ಗಿಡ ಸಾಯುವದಿಲ್ಲ; ಬೆಳವಣಿಗೆ ನಿಧಾನವಾಗುವದಷ್ಟೆ. ಆದರೆ ಹೊಡೆ ತುಂಬುವ ಕಾಲವು ಅದಕ್ಕೆ ತೀರ ನಾಜೂಕಾದದ್ದು. ಹೂ ಅರಳುವದಕ್ಕೆ ಸುಮಾರು ಎರಡು ವಾರ ಮೊದಲು, ತೆನೆಯು ಇನ್ನೂ ಎಲೆಯ ಸುಳಿಯೊಳಗೆ ಮುಚ್ಚಿಕೊಂಡಿರುವಾಗ, ಪರಾಗವು ಹುಟ್ಟುತ್ತಿರುತ್ತದೆ. ಆ ವೇಳೆಗೆ ಸಾಲಾಗಿ ಕೆಲವು ರಾತ್ರಿಗಳ ಉಷ್ಣತೆಯು 13 ಅಂಶಕ್ಕಿಂತ ಕೆಳಗಿಳಿದರೆ ಪರಾಗವು ದುರ್ಬಲವಾಗುವದು. 10 ಅಂಶಕ್ಕಿಳಿದರೆ ಹಾನಿ ಹೆಚ್ಚು. ಮುಂದೆ ತೆನೆ ಹೊರಬಿದ್ದಾಗ ನೋಡಲು ಚೆಂದವಾಗಿಯೇ ಇರುತ್ತದೆ, ಹೂ ಕೂಡ ಅರಳುತ್ತದೆ. ಆದರೆ ಪರಾಗದಲ್ಲಿ ಜೀವವಿಲ್ಲದ್ದರಿಂದ ಕಾಳು ಕಟ್ಟುವದಿಲ್ಲ. ಕೇಡು ಆದ ದಿನ ಯಾರ ಕಣ್ಣಿಗೂ ಬೀಳುವದಿಲ್ಲ. ಕಣ್ಣಿಗೆ ಬಿದ್ದ ದಿನ ಮಾಡುವದೇನೂ ಉಳಿದಿರುವದಿಲ್ಲ. ಒಕ್ಕಲಿಗನು ಮೋಸ ಹೋಗುವದು ಇಲ್ಲಿಯೇ.

ಇನ್ನು ಬಿತ್ತಿಗೆಯ ದಿನದ ಲೆಕ್ಕವನ್ನು ನೋಡಬೇಕು. ಈ ಸೀಮೆಯಲ್ಲಿ ಬಹಳ ಮಂದಿ ಬಿತ್ತುವ ಮಾಲದಂಡಿ 35-1 ಜೋಳವು ಬಿತ್ತಿದ ಸುಮಾರು 70ರಿಂದ 75 ದಿನಗಳಿಗೆ ಹೂವಾಗಿ, 115ರಿಂದ 120 ದಿನಗಳಿಗೆ ಮಾಗುವದು.

(ಅ) ಸಪ್ಟಂಬರ 20ರ ಸುಮಾರಿಗೆ ಬಿತ್ತಿದ ಜೋಳದಲ್ಲಿ ಪರಾಗ ಹುಟ್ಟುವದು ನವಂಬರದ ನಡುವಿಗೆ. ಹೂವು ದಶಂಬರದ ಮೊದಲಿಗೆ. ಚಳಿಯು ಬಲಗೊಳ್ಳುವ ಮೊದಲೇ ನಾಜೂಕಿನ ಕಾಲ ದಾಟಿರುತ್ತದೆ.

(ಆ) ಅಕ್ಟೋಬರ 10ರ ಸುಮಾರಿಗೆ ಬಿತ್ತಿದರೆ ಪರಾಗ ಹುಟ್ಟುವದು ದಶಂಬರದ ಮೊದಲ ವಾರದಲ್ಲಿ. ಹೂವು ಅದೇ ತಿಂಗಳ ಮೂರನೆಯ ವಾರದಲ್ಲಿ. ಸಾಧಾರಣ ವರ್ಷದಲ್ಲಿ ಭಯವಿಲ್ಲ. ಚಳಿ ಬೇಗ ಬಂದ ವರ್ಷ ತುಸು ನಷ್ಟ.

(ಇ) ಅಕ್ಟೋಬರದ ಕೊನೆಗೆ ಬಿತ್ತಿದರೆ ಪರಾಗ ಹುಟ್ಟುವದು ದಶಂಬರದ ಕೊನೆಯ ವಾರದಲ್ಲಿ, ಅಂದರೆ ಚಳಿಯ ನಟ್ಟನಡುವೆ. ಚಳಿಯಿಂದ ಬೆಳವಣಿಗೆಯೂ ತಡವಾಗುವದರಿಂದ ಹೂವು ಇನ್ನೂ ಹಿಂದಕ್ಕೆ ಬೀಳುವದು. ಆ ಹೊತ್ತಿಗೆ ಎರೆಯ ಪಸೆಯೂ ತೀರುತ್ತ ಬಂದಿರುತ್ತದೆ. ಚಳಿಯಿಂದ ಉಳಿದದ್ದನ್ನು ಬರವು ತಿನ್ನುವದು.

ಮೊದಲು ಹೇಳಿದ ಎರಡು ಹೊಲಗಳ ಗುಟ್ಟು ಇದೇ. ಒಬ್ಬನು ಹಸ್ತದ ಹದಕ್ಕೆ ಕೂರಿಗೆ ಹೂಡಿದನು. ಇನ್ನೊಬ್ಬನು ಎತ್ತು ಸಿಕ್ಕದೆ, ಇಲ್ಲವೆ ಮುಂಗಾರಿ ಬೆಳೆಯ ರಾಶಿ ಮುಗಿಯದೆ, ಸ್ವಾತಿಯ ವರೆಗೆ ತಡೆದನು. ನಡುವಿನ ಅಂತರ ಮೂರು ನಾಲ್ಕು ವಾರ ಮಾತ್ರ. ಆದರೆ ಆ ವಾರಗಳು ನಾಜೂಕಿನ ಕಾಲವನ್ನು ಚಳಿಯ ಬಾಯಿಗೆ ಒಯ್ದು ಇಟ್ಟವು.

6. ಜೊಳ್ಳಿನ ಕಾರಣವನ್ನು ಗುರುತಿಸುವ ಬಗೆ

ತೆನೆ ಜೊಳ್ಳಾದದ್ದೆಲ್ಲ ಚಳಿಯಿಂದಲೇ ಎಂದು ತಿಳಿಯಬಾರದು. ಕಾರಣವನ್ನು ಸರಿಯಾಗಿ ಗುರುತಿಸದೆ ಉಪಾಯ ಮಾಡಿದರೆ ದುಡ್ಡು ದಂಡ. ಮುಂದಿನ ಗುರುತುಗಳನ್ನು ನೋಡಿಕೊಳ್ಳಬೇಕು.

ಚಳಿಯಿಂದಾದ ಜೊಳ್ಳು: ಹೊಟ್ಟಿನೊಳಗೆ ಕಾಳಿನ ಸುಳಿವೇ ಇರುವದಿಲ್ಲ. ತೆನೆಯು ಮೇಲಿನಿಂದ ಕೆಳಕ್ಕೆ ಸುಮಾರು ಒಂದು ವಾರದಲ್ಲಿ ಅರಳುವದರಿಂದ, ಚಳಿ ತಟ್ಟಿದ ಭಾಗವು ಮಾತ್ರ ಪಟ್ಟಿಯಂತೆ ಬರಿದಾಗಿ, ಮೇಲೋ ಕೆಳಗೋ ಕಾಳು ಇರುವದುಂಟು. ಒಂದೇ ದಿನ ಬಿತ್ತಿದ ಹೊಲದಲ್ಲಿ ಬಹುತೇಕ ತೆನೆಗಳು ಒಂದೇ ರೀತಿಯಾಗಿರುವವು. ತಗ್ಗಿನಲ್ಲಿ ಹಾನಿ ಹೆಚ್ಚು, ದಿನ್ನೆಯಲ್ಲಿ ಕಡಿಮೆ. ಯಾಕಂದರೆ ತಣ್ಣನೆಯ ಹವೆಯು ಭಾರವಾಗಿದ್ದು ನೀರಿನಂತೆ ತಗ್ಗಿಗೆ ಹರಿದು ನಿಲ್ಲುವದು.

ಪಸೆಯ ಕೊರತೆಯಿಂದಾದದ್ದು: ಕಾಳು ಕಟ್ಟಿರುತ್ತದೆ, ಆದರೆ ಸಣ್ಣದಾಗಿ ಸುಕ್ಕುಗಟ್ಟಿ ಹಗುರಾಗಿರುತ್ತದೆ. ಇಂಥ ಹೊಲದಲ್ಲಿ ಗಿಡಗಳು ಬುಡದ ಬಳಿ ಮೆತ್ತಗಾಗಿ ಮುರಿದುಬೀಳುವದೂ, ದಂಟನ್ನು ಸೀಳಿದರೆ ಒಳಗೆ ಇದ್ದಲಿಯ ಪುಡಿಯಂಥ ಕಪ್ಪು ಕಾಣುವದೂ ಉಂಟು. ಅದು ಕಪ್ಪು ಕೊಳೆರೋಗ.

ಹುಳದಿಂದಾದದ್ದು: ಜೋಳದ ಮಿಡಿನೊಣವು ಅರಳಿದ ಹೂವಿನಲ್ಲಿ ತತ್ತಿಯಿಡುವದು. ಅದರ ಮರಿಯು ಬೆಳೆಯುತ್ತಿರುವ ಕಾಳಿನ ರಸವನ್ನು ಹೀರುವದು. ಇಂಥ ಹೊಟ್ಟಿನ ತುದಿಯಲ್ಲಿ ನೊಣ ಹಾರಿಹೋದ ಮೇಲೆ ಉಳಿದ ಸಣ್ಣ ಬಿಳಿಯ ಕೋಶವು ಅಂಟಿಕೊಂಡಿರುವದನ್ನು ಕಾಣಬಹುದು.

7. ಇತರ ಬೆಳೆಗಳ ಮೇಲೆ ಚಳಿಯ ಪರಿಣಾಮ

ಗೋದಿ: ಇದು ಚಳಿಯ ಬೆಳೆ. ನೀರಾವರಿಯಲ್ಲಿ ನವಂಬರದ ಮೊದಲ ಅರ್ಧದಲ್ಲಿ ಬಿತ್ತಿದ ಗೋದಿಗೆ ದಶಂಬರದ ಚಳಿಯು ಮರಿ ಒಡೆಯಲು ಸಹಾಯ ಮಾಡುವದು. ಇದಕ್ಕೆ ತಡ ಬಿತ್ತಿಗೆಯ ಭಯ ಚಳಿಯದಲ್ಲ, ಬಿಸಿಲಿನದು. ದಶಂಬರದಲ್ಲಿ ಬಿತ್ತಿದರೆ ಕಾಳು ತುಂಬುವ ಹೊತ್ತಿಗೆ ಮಾರ್ಚಿಯ ಕಾವು ಏರಿ ಕಾಳು ಬಡವಾಗುವದು.

ಕಡಲೆ: ತಂಪು ರಾತ್ರಿಗಳಲ್ಲಿ ಕವಲು ಚೆನ್ನಾಗಿ ಒಡೆಯುವದು. ಇಬ್ಬನಿಯ ಬೆಳಗು ಗಿಡದ ಮೇಲೆ ಬಟ್ಟೆ ಹಾಸಿ ಹಿಂಡಿ ಕಡಲೆಯ ಹುಳಿಯನ್ನು ಕೂಡಿಸುವ ವಾಡಿಕೆಯನ್ನು ಈ ನಾಡಿನವರು ಬಲ್ಲರು. ಇಲ್ಲಿಯ ಚಳಿಯು ಕಡಲೆಗೆ ಸಾಮಾನ್ಯವಾಗಿ ಹಿತವೇ. ಆದರೆ ಹೂವಿನ ಕಾಲಕ್ಕೆ ಬಹು ದಿನ ಮೋಡ ಕವಿದರೆ ಕಾಯಿಕೊರಕದ ಮೇಲೆ ಕಣ್ಣಿಡಬೇಕು.

ಕುಸುಬೆ: ದಶಂಬರ, ಜನವರಿಗಳ ತಂಪಿನಲ್ಲಿ ಹೇನು ಹೆಚ್ಚುವದು. ಅದು ಮೊದಲು ಬದುವಿನ ಸಾಲುಗಳಿಗೆ ಅಂಟಿ, ನಂತರ ಒಳಗೆ ಹಬ್ಬುವದು. ವಾರಕ್ಕೊಮ್ಮೆ ಅಂಚಿನ ಸಾಲುಗಳ ಕುಡಿಗಳನ್ನು ನೋಡಿದರೆ, ಹೊಲವೆಲ್ಲ ಕಪ್ಪಾಗುವ ಮೊದಲೇ ಅಂಚಿಗೆ ಮಾತ್ರ ಔಷಧ ಹೊಡೆದು ಖರ್ಚು ಉಳಿಸಬಹುದು. ಬೇಗ ಬಿತ್ತಿದ ಕುಸುಬೆಗೆ ಈ ಕಾಟ ಕಡಿಮೆ.

ಕಬ್ಬು: ಘಟಪ್ರಭೆಯ ಕಾಲುವೆಯಿಂದಲೂ, ಕೃಷ್ಣೆಯ ಹಿಪ್ಪರಗಿ ಬ್ಯಾರೇಜಿನ ನೀರಿನಿಂದಲೂ ಮುಧೋಳ, ಜಮಖಂಡಿಗಳು ಕಬ್ಬಿನ ಸೀಮೆಯಾಗಿವೆ. ಮಾಗುವ ಕಬ್ಬಿಗೆ ಒಣ ಚಳಿಯು ವರವೇ. 12-14 ಅಂಶದ ರಾತ್ರಿಗಳಲ್ಲಿ ಗಿಡದ ಬೆಳವಣಿಗೆ ನಿಂತು, ಎಲೆಯಲ್ಲಾದ ಸಕ್ಕರೆಯು ದಂಟಿನಲ್ಲಿ ಕೂಡುವದು. ಆದುದರಿಂದಲೇ ಚಳಿಗಾಲದ ಬೆಲ್ಲಕ್ಕೆ ಗಟ್ಟಿತನವೂ ಬಣ್ಣವೂ ಹೆಚ್ಚು. ಆದರೆ ಹೊಸದಾಗಿ ನೆಡುವ ಬೀಜದ ತುಂಡಿಗೆ ಅದೇ ಚಳಿಯು ವೈರಿ. 20 ಅಂಶಕ್ಕಿಂತ ಕೆಳಗೆ ಕಣ್ಣು ಮೊಳೆಯುವದು ತೀರ ನಿಧಾನ. ತಡವಾದಷ್ಟೂ ತುಂಡು ಕೊಳೆಯುವದು. ಕುಳೆಯೂ ಹಾಗೆಯೇ ತಡವಾಗಿ ಚಿಗುರುವದು.

ಬಾಳೆ: 12-13 ಅಂಶಕ್ಕಿಂತ ಕೆಳಗಿನ ಚಳಿ ಹತ್ತಿದರೆ ಎಲೆ ಹಳದಿಯಾಗಿ, ಗೊನೆಯು ಕುತ್ತಿಗೆಯಲ್ಲಿ ಸಿಕ್ಕಿಕೊಂಡು ಸರಿಯಾಗಿ ಹೊರಬೀಳದು.

8. ಚಳಿಯ ಮುನ್ಸೂಚನೆ

ಪಶ್ಚಿಮದ ಕ್ಷೋಭೆಯಿಂದ ಕಾಶ್ಮೀರದಲ್ಲಿ ಹಿಮ ಬಿದ್ದು, ಮುಂದೆ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಚಳಿ ಏರಿತೆಂಬ ಸುದ್ದಿ ಬಂದರೆ, ಎರಡು ಮೂರು ದಿನಗಳಲ್ಲಿ ಇಲ್ಲಿಯೂ ಚಳಿ ಹೆಚ್ಚುವ ಸಂಭವವಿದೆಯೆಂದು ತಿಳಿಯಬೇಕು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಆಕಾಶವಾಣಿ, ಪತ್ರಿಕೆ, ದೂರವಾಣಿಗಳಲ್ಲಿ ಪ್ರತಿದಿನ ತಿಳಿದುಕೊಳ್ಳಬಹುದು. ಇದರ ಜೊತೆಗೆ ಊರಲ್ಲಿಯೇ ಕಾಣುವ ಗುರುತುಗಳು ಇವು: ಮೋಡ ಸರಿದು ಆಕಾಶ ತಿಳಿಯಾಗುವದು, ಗಾಳಿಯು ಉತ್ತರಕ್ಕೆ ಅಥವಾ ಈಶಾನ್ಯಕ್ಕೆ ತಿರುಗುವದು, ಸಂಜೆಗೆ ಆ ಗಾಳಿಯೂ ನಿಂತು ಒಲೆಯ ಹೊಗೆಯು ಮೇಲೇರದೆ ಮನೆಗಳ ಮಾಳಿಗೆಯ ಮಟ್ಟಕ್ಕೆ ಹಾಸಿಕೊಳ್ಳುವದು. ಇವೆಲ್ಲ ಕೂಡಿದ ದಿನ ಬೆಳಗಿನ ಚಳಿ ತಪ್ಪದು.

ಊರಿಗೆ ಒಂದಾದರೂ ಉಷ್ಣಮಾಪಕವಿದ್ದರೆ ಬಹಳ ಉಪಯೋಗ. ನೆರಳಿನಲ್ಲಿ, ಗಾಳಿ ಆಡುವಂತೆ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಅದನ್ನು ಇಡತಕ್ಕದ್ದು. ತಿಳಿಯಾದ ರಾತ್ರಿಯಲ್ಲಿ ನೆಲಕ್ಕೆ ಹತ್ತಿದ ಹವೆಯು ಅದಕ್ಕಿಂತಲೂ ಎರಡು ಮೂರು ಅಂಶ ತಣ್ಣಗಿರುವದೆಂಬದನ್ನು ಮರೆಯಬಾರದು. ಶಾಲೆಯ ಹುಡುಗರು ದಿನಾಲು ಬೆಳಿಗ್ಗೆ ಓದಿ ಬರೆದಿಟ್ಟರೆ, ನಾಲ್ಕೈದು ವರ್ಷಗಳಲ್ಲಿ ಆ ಊರಿನ ಚಳಿಯ ಲೆಕ್ಕವು ಊರವರ ಕೈಯಲ್ಲಿಯೇ ಇರುವದು.

9. ಮಾಡತಕ್ಕ ಉಪಾಯಗಳು

(1) ಹಿಂಗಾರಿ ಜೋಳವನ್ನು ಸಪ್ಟಂಬರದ ಎರಡನೆಯ ಅರ್ಧದಿಂದ ಅಕ್ಟೋಬರದ ನಡುವಿನೊಳಗೆ ಬಿತ್ತಿ ಮುಗಿಸಬೇಕು. ಇದಕ್ಕೆ ಮಿಕ್ಕ ಉಪಾಯವಿಲ್ಲ. ಎತ್ತು, ಕೂರಿಗೆ, ಬೀಜಗಳನ್ನು ಹದ ಬರುವ ಮೊದಲೇ ಸಿದ್ಧವಿಟ್ಟುಕೊಳ್ಳಬೇಕು. ಎತ್ತಿಲ್ಲದವರು ನೆರೆಯವರೊಂದಿಗೆ ಮುಯ್ಯಿಯ ಮಾತು ಭಾದ್ರಪದದಲ್ಲಿಯೇ ಆಡಿಕೊಳ್ಳಬೇಕು; ಹದ ಬಂದ ದಿನ ಎತ್ತು ಕೇಳಿದರೆ ಯಾರೂ ಕೊಡಲಾರರು.

(2) ಮುಂಗಾರಿಯ ಜೋಳದ ಬೀಜವನ್ನು ಹಿಂಗಾರಿಗೆ ಬಿತ್ತಬಾರದು. ಅವಕ್ಕೆ ಚಳಿಯನ್ನು ತಾಳುವ ಗುಣ ಕಡಿಮೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ನಾಡಬೀಜದಿಂದ ಆಯ್ದು ತೆಗೆದ ಮಾಲದಂಡಿ 35-1 ಇಂದಿಗೂ ಬಾಳುತ್ತಿರುವದು ಚಳಿಯನ್ನೂ ಬರವನ್ನೂ ತಾಳುವ ಗುಣದಿಂದಲೇ. ಹೊಸ ತಳಿಗಳ ವಿಚಾರವನ್ನು 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ವಿಜಯಪುರದ ಸಂಶೋಧನ ಕೇಂದ್ರದಲ್ಲಿ ಕೇಳಿಕೊಳ್ಳಬಹುದು.

(3) ಅಕ್ಟೋಬರದ ಕೊನೆಯ ವರೆಗೂ ಹದ ಸಿಕ್ಕದಿದ್ದರೆ ಹಟ ಹಿಡಿದು ಜೋಳವನ್ನೇ ಬಿತ್ತಬಾರದು. ಪಸೆ ಸಾಕಷ್ಟು ಇದ್ದಲ್ಲಿ ಕಡಲೆಯನ್ನು ಬಿತ್ತುವದು ಲೇಸು. ಮೇವಿನ ಕೊರತೆ ಇದ್ದವರು ಹೊಲದ ಒಂದು ಭಾಗಕ್ಕೆ ಮಾತ್ರ ಜೋಳವನ್ನು ಕಣಿಕೆಗಾಗಿ ಹಾಕಿಕೊಳ್ಳಬಹುದು. ಆದರೆ ಅದರಿಂದ ಕಾಳನ್ನು ನಿರೀಕ್ಷಿಸಬಾರದು.

(4) ಎಡೆ ಹೊಡೆಯುವದನ್ನು ಬಿಡಬಾರದು. ದಶಂಬರದ ಒಣಗಾಳಿಗೆ ಎರೆಯು ಬಿರಿಯುವದು. ಬಿರುಕುಗಳಿಂದ ಪಸೆ ಹಾರಿಹೋಗುವದು. ಎಡೆಕುಂಟೆಯಿಂದ ಮೇಲ್ಮಣ್ಣನ್ನು ಸಡಿಲಿಸಿ ಬಿರುಕು ಮುಚ್ಚಿದರೆ ಪಸೆ ಉಳಿಯುವದು. 1933ರಿಂದ ಸೊಲ್ಲಾಪುರ, ವಿಜಯಪುರಗಳಲ್ಲಿ ನಡೆದ ಒಣಬೇಸಾಯದ ಪ್ರಯೋಗಗಳು ಒಡ್ಡು ಹಾಕುವದಕ್ಕೂ ಎಡೆ ಹೊಡೆಯುವದಕ್ಕೂ ಕೊಟ್ಟ ಮಹತ್ವವು ಇಂದಿಗೂ ಕುಂದಿಲ್ಲ.

(5) ನೀರಿನ ಅನುಕೂಲವಿದ್ದವರು ಚಳಿಯ ಸೂಚನೆ ಕಂಡ ದಿನ ಸಂಜೆ ಬಾಳೆ, ಕಾಯಿಪಲ್ಲೆ, ಎಳೆಯ ಕಬ್ಬು, ಹೊಡೆಯಲ್ಲಿರುವ ಜೋಳ ಇವುಗಳಿಗೆ ತೆಳುವಾಗಿ ನೀರು ಹಾಯಿಸಬೇಕು. ಹಸಿನೆಲವು ಹಗಲಿನ ಕಾವನ್ನು ಒಣನೆಲಕ್ಕಿಂತ ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುವದು. ಒಂದೆರಡು ಅಂಶಗಳ ಈ ಲಾಭವೇ ಬೆಳೆಯನ್ನು ಉಳಿಸುವದುಂಟು. ನೀರು ನಿಲ್ಲುವಷ್ಟು ಹಾಯಿಸಬಾರದು.

(6) ಹೊಲದ ಸುತ್ತ ಹೊಗೆ ಹಾಕುವ ರೂಢಿಯಿಂದ ತೆರೆದ ಎರೆಹೊಲದಲ್ಲಿ ಆಗುವ ಪ್ರಯೋಜನ ಬಹು ಅಲ್ಪ. ಅದಕ್ಕಾಗಿ ಕಬ್ಬಿನ ರವದಿಯನ್ನು ಸುಡುವದು ತರವಲ್ಲ. ರವದಿಯನ್ನು ಸಾಲುಗಳ ನಡುವೆ ಹಾಸಿದರೆ ಪಸೆ ಉಳಿದು, ಮುಂದೆ ಅದೇ ಗೊಬ್ಬರವಾಗುವದು. ಬಾಳೆತೋಟದ ಉತ್ತರ ಹಾಗೂ ಪೂರ್ವದ ಅಂಚಿಗೆ ಸೆಣಬು ಅಥವಾ ಚೊಗಚಿಯ ಸಾಲನ್ನು ಬೆಳೆಸಿದರೆ ಗಾಳಿಗೆ ತಡೆಯಾಗುವದು.

(7) ಕಬ್ಬು ನೆಡುವವರು ತೀವ್ರ ಚಳಿಯ ವಾರಗಳನ್ನು ಬಿಟ್ಟು, ಚಳಿ ಹಿಂಜರಿದ ಮೇಲೆ ನೆಡುವದು ಒಳಿತು. ಅದೇ ವೇಳೆಗೆ ನೆಡಲೇಬೇಕಾದರೆ ಕಬ್ಬಿನ ಮೇಲ್ಭಾಗದ ಎಳೆಯ ತುಂಡುಗಳನ್ನು ಆರಿಸಿಕೊಳ್ಳಬೇಕು. ಅವು ಬುಡದ ತುಂಡುಗಳಿಗಿಂತ ಬೇಗ ಮೊಳೆಯುವವು.

(8) ದನಗಳನ್ನು ಮರೆಯಬಾರದು. ಚಳಿಯಲ್ಲಿ ಮೈಯ ಕಾವನ್ನು ಕಾಯ್ದುಕೊಳ್ಳಲು ಅವಕ್ಕೆ ಹೆಚ್ಚು ಮೇವು ಬೇಕು. ರಾತ್ರಿಗೆ ಒಂದು ಹಿಡಿ ಕಣಿಕೆಯನ್ನು ಹೆಚ್ಚಾಗಿ ಹಾಕಬೇಕು. ಕೊಟ್ಟಿಗೆಯ ಉತ್ತರದ ಕಿಂಡಿಗಳಿಗೆ ತಟ್ಟು ಕಟ್ಟಬೇಕು. ಕರುಗಳಿಗೂ ಕುರಿಮರಿಗಳಿಗೂ ಒಣ ಹುಲ್ಲನ್ನು ಹಾಸಬೇಕು. ಚಳಿ ಬಲವಾಗಿರುವಾಗ ಕುರಿಗಳ ಉಣ್ಣೆ ಕತ್ತರಿಸಬಾರದು.

10. ಉಪಸಂಹಾರ

ಉತ್ತರದ ಗಾಳಿಯನ್ನು ತಡೆಯುವದು ಯಾರ ಕೈಯಲ್ಲಿಯೂ ಇಲ್ಲ. ಅದು ಬರುವ ದಿನವನ್ನು ನಾಲ್ಕಾರು ದಿನ ಮುಂಚೆ ಅರಿಯಬಹುದು; ಅದು ಬರುವ ತಿಂಗಳನ್ನಂತೂ ಬಿತ್ತುವ ಮೊದಲೇ ಬಲ್ಲೆವು. ಸೀಗಿಹುಣ್ಣಿಮೆಯ ಹೊತ್ತಿಗೆ ಬಿತ್ತಿಗೆ ಮುಗಿಸಿದವನ ಜೋಳವು ಎಳ್ಳ ಅಮಾವಾಸ್ಯೆಯ ಚಳಿಯನ್ನು ಕಾಳು ಕಟ್ಟಿಕೊಂಡೇ ಎದುರುಗೊಳ್ಳುವದು. ಸಂಕ್ರಮಣ ದಾಟಿದ ಮೇಲೆ ಅವನ ಹೊಲದಲ್ಲಿ ಮಕ್ಕಳು ಸೀತನಿ ಸುಟ್ಟು ತಿನ್ನುವರು. ತಡ ಮಾಡಿದವನು ಅದೇ ಚಳಿಯಲ್ಲಿ ಅದೇ ದುಡಿತವನ್ನು ದುಡಿದೂ ಹೊಟ್ಟನ್ನು ತೂರುವನು. ಎರಡಕ್ಕೂ ನಡುವಿನ ಅಂತರವು ಮೂರು ವಾರದ್ದು. ಆ ಮೂರು ವಾರಗಳನ್ನು ಮುಂದಿನ ಹಸ್ತದ ಮಳೆಗೆ ಯಾರೂ ಕಳೆದುಕೊಳ್ಳಬಾರದು.